ಮೀಟರಿನೊಳಗೊಂದು ಗೋಡೆ ಬೇಕು

ವಿದ್ಯುತ್ ಮೀಟರಿನ ಬಗ್ಗೆ ನಾವು ಈಚೆಗೆ ಸಾಕಷ್ಟು ಚರ್ಚಿಸಿದ್ದೇವೆ. 2025ರ ಆರಂಭದಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿದಾಗ ಅದರ ಬೆಲೆ ಎಷ್ಟು, ಬೇರೆ ರಾಜ್ಯಗಳಲ್ಲಿ ಎಷ್ಟು, ಟೆಂಡರ್ ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆಗಳು ವಿಧಾನಮಂಡಲದಿಂದ ಹೈಕೋರ್ಟಿನವರೆಗೆ ಹೋದವು. ಕೇಳಲೇಬೇಕಾದ ಪ್ರಶ್ನೆಗಳವು. ಆದರೆ ಆ ಇಡೀ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಮೀಟರಿನೊಳಗಿರುವ ಪುಟ್ಟ ಪ್ರೊಸೆಸರ್ ತನ್ನ ಗುಟ್ಟುಗಳನ್ನು ಎಲ್ಲಿ ಇಟ್ಟುಕೊಂಡಿದೆ? ಅವನ್ನು ಯಾರಿಂದ, ಹೇಗೆ ಕಾಪಾಡುತ್ತಿದೆ?

ಹಳೆಯ ಮೀಟರಿಗೆ ಗುಟ್ಟು ಎಂಬುದೇ ಇರಲಿಲ್ಲ. ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು, ಅಂಕಿ ಮುಂದೆ ಸರಿಯುತ್ತಿತ್ತು, ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ನೋಡಿ ಬಿಲ್ ಕೊಟ್ಟು ಹೋಗುತ್ತಿದ್ದರು. ಸ್ಮಾರ್ಟ್ ಮೀಟರ್ ಹಾಗಲ್ಲ. ಅದು ಅಳೆಯುತ್ತದೆ, ನೆನಪಿಡುತ್ತದೆ, ದೂರದ ಕೇಂದ್ರದೊಡನೆ ಮಾತನಾಡುತ್ತದೆ. 2015ರಲ್ಲಿ ಹೊರಬಂದ ಭಾರತೀಯ ಮಾನಕ ಐಎಸ್ 16444ರ ಪ್ರಕಾರ ಅದರೊಳಗೇ ಒಂದು ಸ್ವಿಚ್ ಕೂಡ ಇರುತ್ತದೆ. ದೂರದಿಂದ ಬಂದ ಆದೇಶದಂತೆ ಮನೆಯ ವಿದ್ಯುತ್ತನ್ನು ಕಡಿಯುವುದು, ಮತ್ತೆ ಕೊಡುವುದು ಆ ಸ್ವಿಚ್ಚಿನ ಕೆಲಸ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿಗೆ ನೀಡಿದ ವಿದ್ಯುತ್ ವಿತರಣಾ ಸುಧಾರಣಾ ಯೋಜನೆ ದೇಶದಲ್ಲಿ ಇಂಥ 25 ಕೋಟಿ ಪ್ರಿಪೇಯ್ಡ್ ಮೀಟರುಗಳ ಗುರಿ ಇಟ್ಟುಕೊಂಡಿತು. ಅಂದರೆ 25 ಕೋಟಿ ಸ್ವಿಚ್ಚುಗಳು. ಆದೇಶ ಕೊಡುತ್ತಿರುವವರು ವಿದ್ಯುತ್ ಕಂಪನಿಯವರೇ ಹೌದೇ ಎಂದು ಮೀಟರ್ ಖಾತ್ರಿ ಮಾಡಿಕೊಳ್ಳುವುದು ತನ್ನ ಮೆಮೊರಿಯಲ್ಲಿರುವ ಒಂದು ಗುಪ್ತ ಕೀಲಿಕೈಯ ನೆರವಿನಿಂದ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಹದಿನಾರು ಬೈಟುಗಳಷ್ಟೇ ಉದ್ದದ ಒಂದು ಸಂಖ್ಯೆ. ಆ ಸಂಖ್ಯೆ ಕೈತಪ್ಪಿದರೆ ಸ್ವಿಚ್ಚೂ ಕೈತಪ್ಪಿದಂತೆಯೇ.

ಇದು ಬರಿಯ ಕಲ್ಪನೆಯಲ್ಲ. 2014ರ ಅಕ್ಟೋಬರಿನಲ್ಲಿ ಸ್ಪೇನ್ ದೇಶದ ಇಬ್ಬರು ಭದ್ರತಾ ಸಂಶೋಧಕರು ತಮ್ಮ ದೇಶದ ಲಕ್ಷಾಂತರ ಮನೆಗಳಲ್ಲಿ ಅಳವಡಿಸಲಾಗಿದ್ದ ಒಂದು ಬಗೆಯ ಸ್ಮಾರ್ಟ್ ಮೀಟರನ್ನು ಬಿಚ್ಚಿ ಪರೀಕ್ಷಿಸಿ, ಕಂಡದ್ದನ್ನು ಬಹಿರಂಗಪಡಿಸಿದರು. ಮೀಟರಿನೊಳಗೆ ಇರಿಸಿದ್ದ ಗುಪ್ತ ವಿವರಗಳಿಗೆ ತಕ್ಕ ರಕ್ಷಣೆಯಿರಲಿಲ್ಲ. ಅವನ್ನು ಪಡೆದವರು ಮೀಟರನ್ನು ವಶಪಡಿಸಿಕೊಂಡು ಬಿಲ್ಲಿನಲ್ಲಿ ಮೋಸ ಮಾಡಬಹುದಿತ್ತು, ಮನೆಗಳ ವಿದ್ಯುತ್ತನ್ನೂ ಕಡಿಯಬಹುದಿತ್ತು. ಮೀಟರು ಕಳುಹಿಸುವ ಸಂದೇಶಗಳು ಗೂಢಲಿಪಿಯಲ್ಲಿಯೇ ಇದ್ದವು. ಬೀಗವೇನೋ ಇತ್ತು, ಕೀಲಿಕೈಯನ್ನು ಬಾಗಿಲ ಮೇಲಿನ ಮೊಳೆಗೆ ನೇತುಹಾಕಲಾಗಿತ್ತು.

ಇಂಥದ್ದು ಏಕೆ ಆಗುತ್ತದೆ ಎಂದು ತಿಳಿಯಬೇಕಾದರೆ ಈ ಪುಟ್ಟ ಪ್ರೊಸೆಸರುಗಳ ಒಳಗನ್ನು ಸ್ವಲ್ಪ ನೋಡಬೇಕು. ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಂದೊಂದು ತಂತ್ರಾಂಶಕ್ಕೂ ಬೇರೆ ಬೇರೆ ಕೋಣೆ ಇರುತ್ತದೆ. ಒಂದರ ಮೆಮೊರಿಯನ್ನು ಇನ್ನೊಂದು ಇಣುಕಿ ನೋಡಲಾಗದು. ಇದು ಹೊಸ ಜ್ಞಾನವೂ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಮಲ್ಟಿಕ್ಸ್ ವ್ಯವಸ್ಥೆ ತಂತ್ರಾಂಶಗಳನ್ನು ಅವುಗಳ ಅಧಿಕಾರಕ್ಕೆ ತಕ್ಕಂತೆ ಸುತ್ತುಸುತ್ತಾಗಿ ವಿಂಗಡಿಸಿಟ್ಟಿತ್ತು. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನೇ ಒಂದು ಸೂತ್ರವಾಗಿ ಹೇಳಿದರು: ಯಾವ ತಂತ್ರಾಂಶಕ್ಕೂ ಅದರ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಅಧಿಕಾರ ಕೊಡಬಾರದು.

ಆದರೆ ಮೀಟರು, ವಾಷಿಂಗ್ ಮೆಷಿನ್, ಇನ್ಸುಲಿನ್ ಪಂಪು, ಅಂಗಡಿಯ ಕಾರ್ಡ್ ಯಂತ್ರ ಮುಂತಾದವುಗಳ ಒಡಲಲ್ಲಿರುವ ಎಂಬೆಡೆಡ್ ಪ್ರೊಸೆಸರುಗಳು ಬಹುಕಾಲ ಈ ಸೂತ್ರದಿಂದ ದೂರವೇ ಉಳಿದವು. ಅವುಗಳ ಮೆಮೊರಿ ಗೋಡೆಗಳಿಲ್ಲದ ಒಂದೇ ಹಜಾರ. ಅಳತೆ ಮಾಡುವ ತಂತ್ರಾಂಶ, ಹೊರಗಿನೊಡನೆ ಮಾತನಾಡುವ ತಂತ್ರಾಂಶ, ಪರದೆಯ ಮೇಲೆ ಅಂಕಿ ಮೂಡಿಸುವ ತಂತ್ರಾಂಶ ಎಲ್ಲವೂ ಅಲ್ಲಿಯೇ ಓಡಾಡಿಕೊಂಡಿರುತ್ತವೆ. ಗುಪ್ತ ಕೀಲಿಕೈಯೂ ಅದೇ ಹಜಾರದ ಒಂದು ಮೂಲೆಯಲ್ಲಿರುತ್ತದೆ. ಯಂತ್ರ ಒಂಟಿಯಾಗಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಅದಕ್ಕೆ ರೇಡಿಯೊ, ಮೊಬೈಲ್ ಜಾಲ, ಇಂಟರ್‌ನೆಟ್ ಸೇರಿಕೊಂಡ ದಿನವೇ ಹಜಾರದ ಹೆಬ್ಬಾಗಿಲು ಬೀದಿಗೆ ತೆರೆದುಕೊಂಡಿತು.

ನಂಬಲಾಗದ ತಂತ್ರಾಂಶವೆಂದರೆ ಕಳ್ಳರು ಬರೆದದ್ದೆಂದೇ ಅರ್ಥವಲ್ಲ. ಯಾವುದೇ ಮೀಟರಿನ ಅಥವಾ ಕಾರಿನ ತಂತ್ರಾಂಶವನ್ನು ಒಂದೇ ಕಂಪನಿ ಪೂರ್ತಿ ಬರೆಯುವುದಿಲ್ಲ. ಸಂಪರ್ಕದ ಭಾಗ ಒಬ್ಬರಿಂದ, ಗಣಿತದ ಭಾಗ ಇನ್ನೊಬ್ಬರಿಂದ, ಉಚಿತವಾಗಿ ದೊರೆಯುವ ಭಾಗಗಳು ಮತ್ತೆಲ್ಲಿಂದಲೋ ಬಂದಿರುತ್ತವೆ. 2020ರ ಜೂನ್‌ನಲ್ಲಿ ಇಸ್ರೇಲಿನ ಜೆಎಸ್‌ಒಎಫ್ ಸಂಸ್ಥೆ 'ರಿಪಲ್20' ಎಂಬ ಹೆಸರಿನಲ್ಲಿ 19 ದೋಷಗಳನ್ನು ಪ್ರಕಟಿಸಿತು. ಅವು ಇದ್ದದ್ದು ಟ್ರೆಕ್ ಎಂಬ ಸಣ್ಣ ಅಮೆರಿಕನ್ ಕಂಪನಿಯ ಸಂಪರ್ಕ ತಂತ್ರಾಂಶದಲ್ಲಿ. ಆ ತಂತ್ರಾಂಶ ಕೈಯಿಂದ ಕೈಗೆ ದಾಟಿ ಆಸ್ಪತ್ರೆಯ ಉಪಕರಣಗಳಿಂದ ಹಿಡಿದು ಮುದ್ರಣ ಯಂತ್ರಗಳವರೆಗೆ ಕೋಟಿಗಟ್ಟಲೆ ಸಾಧನಗಳಲ್ಲಿ ಸೇರಿಹೋಗಿತ್ತು. ತಮ್ಮ ಉಪಕರಣದಲ್ಲಿ ಅದು ಇದೆಯೆಂಬುದೇ ಎಷ್ಟೋ ತಯಾರಕರಿಗೆ ಗೊತ್ತಿರಲಿಲ್ಲ. ಗೋಡೆಯಿಲ್ಲದ ಹಜಾರದಲ್ಲಿ ಇಂಥ ಒಬ್ಬ ಅತಿಥಿ ಎಡವಿ ಬಿದ್ದರೂ ಸಾಕು, ಕೀಲಿಕೈ ಹೊರಗಿನವರ ಪಾಲಾಗುತ್ತದೆ.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಹುದೆಂಬುದನ್ನು 2015ರ ಜುಲೈನಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ತೋರಿಸಿಕೊಟ್ಟರು. ಅಮೆರಿಕದ ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿ ಕಾರನ್ನು ಅವರು ಮನೆಯಲ್ಲಿ ಕುಳಿತು ಲ್ಯಾಪ್‌ಟಾಪಿನಿಂದಲೇ ಹತೋಟಿಗೆ ತೆಗೆದುಕೊಂಡರು. ಅವರು ಒಳಹೊಕ್ಕದ್ದು ಹಾಡು ಕೇಳಿಸುವ, ದಾರಿ ತೋರಿಸುವ ಮನರಂಜನೆಯ ಪೆಟ್ಟಿಗೆಯಿಂದ. ಅದರ ಪಕ್ಕದಲ್ಲಿ ಕಾರಿನ ಒಳಜಾಲದೊಡನೆ ಮಾತನಾಡುವ ಇನ್ನೊಂದು ಚಿಪ್ ಇತ್ತು. ತನಗೆ ಬಂದ ಹೊಸ ತಂತ್ರಾಂಶ ನಿಜವಾಗಿ ತಯಾರಕರದೇ ಎಂದು ಆ ಚಿಪ್ ಪರಿಶೀಲಿಸುತ್ತಿರಲಿಲ್ಲ. ಹಾಡಿನ ಪೆಟ್ಟಿಗೆಯಿಂದ ಬ್ರೇಕಿನವರೆಗೆ ದಾರಿ ಸಲೀಸಾಯಿತು. ಕಂಪನಿ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಮನರಂಜನೆಯ ತಂತ್ರಾಂಶದಲ್ಲಿ ದೋಷವಿದ್ದುದು ಆಶ್ಚರ್ಯವಲ್ಲ. ಆ ದೋಷ ಅಲ್ಲಿಯೇ ನಿಲ್ಲುವಂತೆ ನಡುವೆ ಗಟ್ಟಿಯಾದ ತಡೆಯಿರಲಿಲ್ಲವೆಂಬುದೇ ನಿಜವಾದ ಲೋಪ.

ಹಾಗಾದರೆ ಈ ತಡೆಯನ್ನು ಕಟ್ಟುವ ಬಗೆ ಯಾವುದು? ಬ್ಯಾಂಕಿನ ನಗದು ಕೌಂಟರನ್ನು ನೆನಪಿಸಿಕೊಳ್ಳಿ. ಗ್ರಾಹಕರು ಕಿಂಡಿಯಲ್ಲಿ ಚೀಟಿ ಕೊಡುತ್ತಾರೆ, ಕ್ಯಾಷಿಯರ್ ಪರಿಶೀಲಿಸಿ ಹಣ ಕೊಡುತ್ತಾರೆ. ಹಣದ ಪೆಟ್ಟಿಗೆಗೆ ಗ್ರಾಹಕರು ಕೈಹಾಕುವಂತಿಲ್ಲ. ಕೈಹಾಕುವ ಅಗತ್ಯವೂ ಇಲ್ಲ. ಪ್ರೊಸೆಸರಿನೊಳಗೂ ಇದೇ ಏರ್ಪಾಡು ಮಾಡಬಹುದು. ಬ್ರಿಟನ್ನಿನ ಆರ್ಮ್ ಕಂಪನಿ 2015ರಲ್ಲಿ ಪ್ರಕಟಿಸಿದ ಪುಟ್ಟ ಪ್ರೊಸೆಸರುಗಳ ವಿನ್ಯಾಸದಲ್ಲಿ ಟ್ರಸ್ಟ್‌ಝೋನ್ ಎಂಬ ಸೌಲಭ್ಯ ಸೇರಿತು. ಅದು ಮೆಮೊರಿಯನ್ನು ಸುರಕ್ಷಿತ ಮತ್ತು ಸಾಮಾನ್ಯ ಎಂದು ಎರಡಾಗಿ ಒಡೆಯುತ್ತದೆ. ನಡುವೆ ಕಿಂಡಿಯಂತಿರುವ ಮೂರನೆಯ ಒಂದು ಪಟ್ಟಿಯಿದೆ. ಸಾಮಾನ್ಯ ಭಾಗದ ತಂತ್ರಾಂಶ ಸುರಕ್ಷಿತ ಭಾಗದ ಸೇವೆ ಪಡೆಯಬೇಕಾದರೆ ಆ ಕಿಂಡಿಯಲ್ಲಿ ಗೊತ್ತುಪಡಿಸಿದ ಜಾಗದಿಂದಲೇ ಬರಬೇಕು. ಬೇರೆಲ್ಲಿಂದಾದರೂ ನುಗ್ಗಲು ಯತ್ನಿಸಿದರೆ ಪ್ರೊಸೆಸರೇ ಅಡ್ಡಗಟ್ಟುತ್ತದೆ. ಈ ಸಂದೇಶಕ್ಕೆ ಸಹಿ ಹಾಕಿಕೊಡು ಎಂದು ಕೇಳಬಹುದೇ ಹೊರತು ಕೀಲಿಕೈಯನ್ನೇ ಕೊಡು ಎನ್ನಲಾಗದು. ಇದಕ್ಕಿಂತ ಸರಳವಾದ, ಮೆಮೊರಿಯ ಕೆಲವು ಪ್ರದೇಶಗಳಿಗೆ ಬೇಲಿ ಹಾಕುವ ಸೌಲಭ್ಯವನ್ನು ಆರ್ಮ್‌ನ 2004ರ ಕಾರ್ಟೆಕ್ಸ್-ಎಂ3 ವಿನ್ಯಾಸದಲ್ಲಿಯೇ ಚಿಪ್ ತಯಾರಕರು ಬಯಸಿದರೆ ಸೇರಿಸಿಕೊಳ್ಳಬಹುದಿತ್ತು. ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ವಿನ್ಯಾಸದಲ್ಲೂ ಇಂಥದೇ ವ್ಯವಸ್ಥೆಯಿದೆ.

ಸಾಧನವಿದೆ, ಬಳಕೆಯಿಲ್ಲ. ಈ ಪುಟ್ಟ ಪ್ರೊಸೆಸರುಗಳಿಗೆ ತಂತ್ರಾಂಶ ಬರೆಯುವ ಕಸುಬಿನಲ್ಲಿ ಹಲವು ವರ್ಷ ಕಳೆದವನಾಗಿ ನಾನು ಇದರ ಕಾರಣವನ್ನು ಹತ್ತಿರದಿಂದ ಬಲ್ಲೆ. ಬೇಲಿ ಹಾಕಿದ ಒಡನೆ ತಪ್ಪುಗಳು ಬಯಲಾಗುತ್ತವೆ. ಎಲ್ಲೋ ಒಂದು ತಂತ್ರಾಂಶ ತನ್ನದಲ್ಲದ ಮೆಮೊರಿಗೆ ಕೈಯಿಟ್ಟಾಗ ಯಂತ್ರ ಅಲ್ಲಿಯೇ ನಿಂತುಬಿಡುತ್ತದೆ. ಸರಕು ಸಾಗಿಸಬೇಕಾದ ಗಡುವು ಹತ್ತಿರ ಬಂದಿರುತ್ತದೆ. ಆಗ ತಪ್ಪನ್ನು ಹುಡುಕುವುದಕ್ಕಿಂತ ಬೇಲಿಯನ್ನು ಕಿತ್ತುಹಾಕುವುದು ಸುಲಭ. ಯಂತ್ರ ಮತ್ತೆ ಓಡತೊಡಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಬೇಲಿ ಮರಳಿ ಬರುವುದೇ ಇಲ್ಲ. ಕೊಳ್ಳುವವರು ಅದನ್ನು ಕೇಳುವುದಿಲ್ಲವೆಂದು ಮಾರುವವರಿಗೆ ಗೊತ್ತು. ಇದನ್ನು ಎಂಜಿನಿಯರುಗಳ ಸೋಮಾರಿತನವೆನ್ನುವುದು ಅನ್ಯಾಯ. ದೋಷವಿರುವುದು ನಮ್ಮ ಖರೀದಿಯ ಪದ್ಧತಿಯಲ್ಲಿ.

ಗೋಡೆ ಕಟ್ಟಿದರೆ ಎಲ್ಲವೂ ಮುಗಿಯಿತೆಂದು ನಾನು ವಾದಿಸುತ್ತಿಲ್ಲ. 2016ರಲ್ಲಿ ಗಾಲ್ ಬೆನಿಯಾಮಿನಿ ಎಂಬ ಸಂಶೋಧಕರು ಕ್ವಾಲ್‌ಕಾಮ್ ಚಿಪ್ ಇರುವ ಆಂಡ್ರಾಯ್ಡ್ ಫೋನುಗಳ ಸುರಕ್ಷಿತ ಭಾಗದೊಳಗೇ ಇದ್ದ ಒಂದು ತಂತ್ರಾಂಶದ ದೋಷವನ್ನು ಬಳಸಿ ಅಲ್ಲಿನ ಕೀಲಿಕೈಗಳನ್ನು ಹೊರತೆಗೆದು ತೋರಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಗೋಡೆಯ ಒಳಗೆ ಸಿಕ್ಕಿದ್ದನ್ನೆಲ್ಲ ತುಂಬಿದರೆ ಅದೂ ಇನ್ನೊಂದು ಹಜಾರವಾಗುತ್ತದೆಂಬುದೇ ಇದರ ಪಾಠ. ಒಳಗಿರುವುದು ಕೆಲವೇ ಸಾವಿರ ಸಾಲುಗಳ, ಮತ್ತೆ ಮತ್ತೆ ಪರೀಕ್ಷಿಸಬಹುದಾದ ತಂತ್ರಾಂಶವಾಗಿರಬೇಕು. ಇನ್ನು ಕೆಲವು ಮೋಸಗಳಿಗೆ ಮೆಮೊರಿಯ ಗೋಡೆ ಸಂಬಂಧಪಡುವುದೇ ಇಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಗಳಿಂದ ಹಣ ಎತ್ತಿದ ಪ್ರಕರಣಗಳು ಬಯಲಾದವು. ನಕಲಿ ಬೆರಳನ್ನು ತಡೆಯುವ ಉಪಾಯವೇ ಬೇರೆ.

ಆಧಾರದ ಮಾತು ಬಂದದ್ದರಿಂದ ಒಂದು ಒಳ್ಳೆಯ ಮೇಲ್ಪಂಕ್ತಿಯನ್ನೂ ಹೇಳಬೇಕು. ಬೆರಳಚ್ಚು ಓದುವ ಸಾಧನಗಳಿಗಾಗಿ ಆಧಾರ್ ಪ್ರಾಧಿಕಾರ ಎರಡು ಮಟ್ಟಗಳನ್ನು ಗೊತ್ತುಪಡಿಸಿತು. ಎಲ್-ಸೊನ್ನೆ ಎಂಬ ಮಟ್ಟದಲ್ಲಿ ಕೀಲಿಕೈಯನ್ನು ಬಳಸುವ ಕೆಲಸ ಸಾಮಾನ್ಯ ತಂತ್ರಾಂಶದಲ್ಲಿ ನಡೆಯುತ್ತದೆ. ಎಲ್-ಒಂದು ಎಂಬ ಮಟ್ಟದಲ್ಲಿ ಅದು ಯಂತ್ರದೊಳಗಿನ ಪ್ರತ್ಯೇಕ ಸುರಕ್ಷಿತ ಆವರಣದಲ್ಲಿಯೇ ನಡೆಯಬೇಕು. ಹೊರಗಿನ ಆಪರೇಟಿಂಗ್ ಸಿಸ್ಟಮ್ಮಿಗೂ ಕೀಲಿಕೈ ಸಿಗಬಾರದು. ಅಂದರೆ ಗೋಡೆಯ ಮಹತ್ವವನ್ನು ನಮ್ಮದೇ ಸರ್ಕಾರಿ ಸಂಸ್ಥೆಯೊಂದು ಅರಿತು, ತನ್ನ ನಿಯಮದಲ್ಲಿ ಬರೆದು, ತಯಾರಕರ ಮುಂದಿಟ್ಟಿದೆ. ಅತ್ತ ಯುರೋಪಿನಲ್ಲಿ ಅಳತೆ ಸಾಧನಗಳ ಕಾನೂನಿಗೆ ಸಂಬಂಧಿಸಿದ ವೆಲ್ಮೆಕ್ ಸಂಘಟನೆಯ ಮಾರ್ಗದರ್ಶಿ, ಬಿಲ್ಲಿಗೆ ಆಧಾರವಾದ ತಂತ್ರಾಂಶವನ್ನು ಉಳಿದ ತಂತ್ರಾಂಶದಿಂದ ಬೇರ್ಪಡಿಸುವುದು ಹೇಗೆಂದು ವಿವರವಾಗಿ ಹೇಳುತ್ತದೆ. ಬೆರಳಚ್ಚಿನ ಯಂತ್ರಕ್ಕೆ ಬೇಕಾದದ್ದು ಮನೆಯ ದೀಪದ ಯಂತ್ರಕ್ಕೆ ಬೇಡವೇ?

ಆದ್ದರಿಂದ ವಿದ್ಯುತ್ ಕಂಪನಿಗಳು, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಮತ್ತು ಮಾನಕ ರೂಪಿಸುವವರು ಮುಂದಿನ ಪ್ರತಿ ಟೆಂಡರಿನಲ್ಲೂ ನಾಲ್ಕು ಮಾತುಗಳನ್ನು ಸ್ಪಷ್ಟವಾಗಿ ಬರೆಯಲಿ. ಮೊದಲನೆಯದಾಗಿ, ಕೀಲಿಕೈಗಳು ಯಂತ್ರಾಂಶವೇ ಕಾಯುವ ಪ್ರತ್ಯೇಕ ಮೆಮೊರಿಯಲ್ಲಿರಬೇಕು, ಸಂಪರ್ಕದ ತಂತ್ರಾಂಶಕ್ಕೆ ಅಲ್ಲಿ ಪ್ರವೇಶವಿರಬಾರದು. ಎರಡನೆಯದಾಗಿ, ಒಂದೊಂದು ಮೀಟರಿಗೂ ಬೇರೆ ಬೇರೆ ಕೀಲಿಕೈ ಇರಬೇಕು. ಒಂದನ್ನು ಒಡೆದವನಿಗೆ ಇಡೀ ಬಡಾವಣೆ ಸಿಗಬಾರದು. ಮೂರನೆಯದಾಗಿ, ತಯಾರಕರ ಡಿಜಿಟಲ್ ಸಹಿಯಿಲ್ಲದ ಹೊಸ ತಂತ್ರಾಂಶವನ್ನು ಮೀಟರು ಒಪ್ಪಿಕೊಳ್ಳಬಾರದು. ನಾಲ್ಕನೆಯದಾಗಿ, ಇದೆಲ್ಲ ಕಾಗದದ ಮೇಲಿನ ಪ್ರಮಾಣಪತ್ರದಲ್ಲಿ ಮುಗಿಯದೆ, ಸ್ವತಂತ್ರ ಪ್ರಯೋಗಾಲಯದವರು ಮೀಟರನ್ನು ನಿಜವಾಗಿಯೂ ಭೇದಿಸಲು ಯತ್ನಿಸಬೇಕು, ಆ ವರದಿಯ ಸಾರಾಂಶ ಗ್ರಾಹಕರ ಕೈಗೂ ಸಿಗಬೇಕು.

ಇದರಿಂದ ಮೀಟರಿನ ಬೆಲೆ ಏರುವುದಿಲ್ಲವೇ ಎಂದು ಕೇಳಬಹುದು. ಬೆಲೆಯ ಬಗ್ಗೆ ಈಗಾಗಲೇ ಬೇಸತ್ತಿರುವ ಗ್ರಾಹಕರ ಈ ಪ್ರಶ್ನೆ ಸಹಜವೇ. ಆದರೆ ಬೇಲಿ ಹಾಕುವ ಸೌಲಭ್ಯ ಬಹುಪಾಲು ಹೊಸ ಚಿಪ್ಪುಗಳಲ್ಲಿ ಈಗಾಗಲೇ ಇದೆ. ಹೆಚ್ಚಿನ ಖರ್ಚು ಬೀಳುವುದು ತಂತ್ರಾಂಶವನ್ನು ಸರಿಯಾಗಿ ಬರೆಯುವ, ಪರೀಕ್ಷಿಸುವ ಕೆಲಸಕ್ಕೆ. ಅದು ಒಮ್ಮೆ ಮಾಡುವ ಖರ್ಚು. ಲಕ್ಷಾಂತರ ಮೀಟರುಗಳ ಮೇಲೆ ಹಂಚಿಹೋಗುತ್ತದೆ. ಮರೆತ ಗೋಡೆಯನ್ನು ಆಮೇಲೆ ಕಟ್ಟುವ ಖರ್ಚು ಹಾಗಲ್ಲ. ಫೋನನ್ನು ನಾವು ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುತ್ತೇವೆ. ಗೋಡೆಗೆ ತಗುಲಿಸಿದ ಮೀಟರು ಹತ್ತು ವರ್ಷವಾದರೂ ಅಲ್ಲಿಯೇ ಇರುತ್ತದೆ. ಚಿಪ್ಪಿನಲ್ಲಿಯೇ ಇಲ್ಲದ ಸೌಲಭ್ಯವನ್ನು ಯಾವ ಅಪ್‌ಡೇಟೂ ತಂದುಕೊಡಲಾರದು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ನಾಲ್ಕು ದಶಕಗಳಾದವು. ಜಗತ್ತಿನ ಎಷ್ಟೋ ಚಿಪ್ಪುಗಳ ಒಳಗೋಡೆಗಳನ್ನು ವಿನ್ಯಾಸಗೊಳಿಸುವ ಜನ ಇದೇ ಊರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಹೊರದೇಶದ ಕಾರು, ಫೋನುಗಳಿಗೆ ಅವರು ಕಟ್ಟಿಕೊಡುವ ರಕ್ಷಣೆ ಅವರದೇ ಮನೆಯ ಜಗಲಿಯ ಮೀಟರಿನಲ್ಲಿಯೂ ಇದೆಯೇ ಎಂದು ಕೇಳುವುದು ಅತಿಯಾಸೆಯಲ್ಲ. ಮೀಟರಿನ ಬೆಲೆ ಎಷ್ಟೆಂದು ಕೇಳಲು ನಾವು ಕಲಿತಿದ್ದೇವೆ. ಅದರ ಕೀಲಿಕೈ ಎಲ್ಲಿದೆಯೆಂದು ಕೇಳುವುದನ್ನೂ ಇನ್ನು ಕಲಿಯಬೇಕು.