ಆರ್‌ಸಿ ಜೆರಾಕ್ಸ್ ನೋಡಿ ದುಡ್ಡು ಕೊಡಬೇಡಿ

ಹಳೇ ಸ್ಕೂಟರ್ ತಗೊಳ್ಳುವಾಗ ನಾವು ಹೆಂಗಸರು ಬಣ್ಣ ನೋಡ್ತೀವಿ, ಸೀಟು ನೋಡ್ತೀವಿ, ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳ್ತೀವಿ. ಕಾಗದಪತ್ರ ಮಾತ್ರ ಮನೆ ಗಂಡಸರಿಗೆ ಬಿಡ್ತೀವಿ. ಅದು ತಪ್ಪು ಕಣ್ರೀ.

ಮಗಳು ಬೊಮ್ಮನಹಳ್ಳಿಯಿಂದ ಜಯನಗರಕ್ಕೆ ಕಾಲೇಜಿಗೆ ಹೋಗ್ಬೇಕು. ಸಿಲ್ಕ್ ಬೋರ್ಡ್ ಹತ್ರ ಬಸ್ಸು ನಿಂತ್ರೆ ನಿಂತೇ ಬಿಡತ್ತೆ. ಪರಿಚಯದೋರ ಕಡೆಯಿಂದಲೇ ಒಂದು ಗಾಡಿ ಗೊತ್ತಾಯ್ತು, 5,000 ಅಡ್ವಾನ್ಸೂ ಕೊಟ್ಟಾಯ್ತು. ಆಮೇಲೆ ನಾನೇ ಹಳೇ ಬಟ್ಟೇಲಿ ಗ್ರೀಸ್ ಒರೆಸಿ, ಮೊಬೈಲ್ ಟಾರ್ಚ್ ಹಿಡಿದು, ಫ್ರೇಮ್ ಮೇಲೆ ಕೆತ್ತಿರೋ ಚಾಸಿ ನಂಬರ್ ಓದಿದೆ. ಒಟ್ಟು 17 ಅಕ್ಷರ, ಅಂಕಿ. ಆರ್‌ಸೀಲಿ ಇದ್ದದ್ದಕ್ಕೂ ಇದಕ್ಕೂ ಕೊನೇ ಎರಡು ಅಂಕಿ ಬೇರೆ!

"ಟೈಪಿಂಗ್ ಮಿಸ್ಟೇಕ್ ಆಂಟಿ" ಅಂದ ಹುಡುಗ. ಇರಬಹುದು. ಆದ್ರೆ ಅದನ್ನ ಆರ್‌ಟಿಒದಲ್ಲಿ ಸರಿ ಮಾಡಿಸಿಕೊಡೋದು ಮಾರೋರ ಕೆಲಸ. ನಾಳೆ ಅದು ಕದ್ದ ಗಾಡಿ ಅಂತ ಗೊತ್ತಾದ್ರೆ ಪೊಲೀಸರು ನಿಲ್ಲಿಸೋದು ನನ್ನ ಮಗಳನ್ನ ತಾನೇ?

ಇನ್ನೊಂದು. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಆರ್‌ಸೀಲಿ ಬ್ಯಾಂಕಿನ ಹೆಸರು ಹಂಗೇ ಕೂತಿರತ್ತೆ. ಅದನ್ನ ತೆಗೆಸೋಕೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು. ಹೆಸರು ಬದಲಾವಣೆಗೆ 29, 30. ನೀವು ಮಾರೋರಾದ್ರೂ ಇದನ್ನ ಬಿಡಬೇಡಿ, ಇಲ್ದಿದ್ರೆ ಇನ್ಯಾರೋ ಸಿಗ್ನಲ್ ಹಾರಿಸಿದ ದಂಡ ನಿಮ್ಮ ಮನೆಗೇ ಬರತ್ತೆ.

ಅಡ್ವಾನ್ಸ್ ವಾಪಸ್ ಕೇಳಿದ್ದಕ್ಕೆ ಅವರು ಈಗ ಎದುರಿಗೆ ಸಿಕ್ಕರೂ ಮಾತಾಡಿಸಲ್ಲ. ಮಗಳು ಇನ್ನೂ ಬಸ್ಸಲ್ಲೇ ಹೋಗ್ತಿದಾಳೆ.