ಎಲ್ಲಿ ಅಳೆದದ್ದು, ಸ್ವಾಮಿ?

ನಂಜನಗೂಡು, ತಿ. ನರಸೀಪುರದ ಕಡೆ ರಾಜಕೀಯ ಮಾತಾಡದವರನ್ನು ಹುಡುಕಬೇಕಾದರೆ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಹೋಟೆಲಿನ ಬೆಂಚು, ಕ್ಷೌರದಂಗಡಿ, ಹಾಲಿನ ಡೇರಿಯ ಸಾಲು, ಮೈಸೂರು ಬಸ್ಸಿನ ಹಿಂದಿನ ಸೀಟು, ಎಲ್ಲೆಲ್ಲೂ ಒಂದೊಂದು ಲೋಕಸಭೆ. ಅಧ್ಯಕ್ಷರಿಲ್ಲ, ಗಂಟೆಯಿಲ್ಲ, ಸಭಾತ್ಯಾಗವಂತೂ ಇಲ್ಲವೇ ಇಲ್ಲ.

ಚುನಾವಣೆಯ ವಾದಕ್ಕೆ ಒಂದು ಕೊನೆಯಿದೆ. 2017ರ ಏಪ್ರಿಲ್‌ನಲ್ಲಿ ನಂಜನಗೂಡಿನ ಉಪಚುನಾವಣೆ ಇಡೀ ರಾಜ್ಯದ ಕಣ್ಣನ್ನು ಇತ್ತ ಸೆಳೆದಿತ್ತು. ಆ ಮಾತಿನ ಅಬ್ಬರವೂ ಎಣಿಕೆ ಮುಗಿದ ಮೇಲೆ ತಣ್ಣಗಾಯಿತು. ಆದರೆ ಇಲ್ಲಿ ಎಂದೂ ತಣ್ಣಗಾಗದ ವಾದವೊಂದಿದೆ. ಅದು ನೀರಿನದು. ತಣ್ಣಗಾಗುವುದಾದರೂ ಹೇಗೆ? ಕಬಿನಿ ಅಣೆಕಟ್ಟೆಯಿಂದ ಬಿಟ್ಟ ನೀರು ನಂಜನಗೂಡಿನ ಸ್ನಾನಘಟ್ಟವನ್ನು ಮುಟ್ಟಿಕೊಂಡೇ ಹೋಗಬೇಕು. ಕನ್ನಂಬಾಡಿಯಿಂದ ಬಿಟ್ಟ ನೀರು ತಿರುಮಕೂಡಲಿನಲ್ಲಿ ಅದನ್ನು ಕೂಡಿಕೊಳ್ಳಬೇಕು. ದಿಲ್ಲಿಯಲ್ಲಿ ಕಾಗದದ ಮೇಲೆ ಹರಿಯುವ ಕಾವೇರಿ ಇಲ್ಲಿ ಕಣ್ಣೆದುರಿಗೇ ಹರಿಯುತ್ತಾಳೆ.

ಮಳೆ ಹಿಂದೆ ಬಿದ್ದ ವರ್ಷದಲ್ಲಿ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“205 ಟಿಎಂಸಿ ಕೊಡ್ಬೇಕು ಅಂತ ಆರ್ಡರ್ ಆಗದೆ, ನಂಗೊತ್ತಿಲ್ವಾ?”

“ಅದು ಹಳೇದು ಬುಡಣ್ಣೋ, ಈಗ 192.”

ಕಾಲೇಜಿಗೆ ಹೋಗುವ ಹುಡುಗ ನಡುವೆ ಬಾಯಿ ಹಾಕುತ್ತಾನೆ: “ಎರಡೂ ಅಲ್ಲ ದೊಡ್ಡಪ್ಪ, 177.”

“ನೀನ್ ಸುಮ್ಕಿರ್ಲಾ. ನೀನ್ ಹುಟ್ಟೋಕ್ ಮುಂಚಿಂದ ಈ ಹೊಳೆ ನೋಡ್ತಾ ಇವ್ನಿ!”

ಅಲ್ಲಿಗೆ ಹುಡುಗನ ಬಾಯಿ ಮುಚ್ಚಿತು, ಲೆಕ್ಕವೂ ಮುಚ್ಚಿತು. ಉಳಿದದ್ದು ಗಂಟಲು ಮಾತ್ರ.

ತಮಾಷೆಯೆಂದರೆ, ಮೂವರೂ ಹೇಳಿದ್ದು ಒಂದೊಂದು ಕಾಲಕ್ಕೆ ಸರಿ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ಕೊಟ್ಟ ಮಧ್ಯಂತರ ಆದೇಶದ ಪ್ರಕಾರ ತಮಿಳುನಾಡಿನ ಮೆಟ್ಟೂರು ಜಲಾಶಯಕ್ಕೆ ವರ್ಷಕ್ಕೆ 205 ಟಿಎಂಸಿ ಸೇರಬೇಕಿತ್ತು. 2007ರ ಫೆಬ್ರವರಿ 5ರ ಅಂತಿಮ ತೀರ್ಪು 192 ಎಂದಿತು. ಆದರೆ ಅಳೆಯುವ ಜಾಗ ಬದಲಾಗಿತ್ತು: ಮೆಟ್ಟೂರಲ್ಲ, ಗಡಿಯಲ್ಲಿರುವ ಬಿಳಿಗುಂಡ್ಲು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನು 177.25ಕ್ಕೆ ಇಳಿಸಿತು. ಬಿಳಿಗುಂಡ್ಲು ದಾಟಿದ ಮೇಲೂ ಮೆಟ್ಟೂರು ಮುಟ್ಟುವ ತನಕ ಹಳ್ಳಕೊಳ್ಳಗಳ ನೀರು ಸೇರುತ್ತಲೇ ಇರುತ್ತದೆ. ಹಾಗಾಗಿ 205ರಲ್ಲಿ 192 ಕಳೆದು “13 ಉಳೀತು” ಎನ್ನುವಂತಿಲ್ಲ. ಒಂದು ಸೇರಿನಲ್ಲಿ ಅಳೆದದ್ದು, ಇನ್ನೊಂದು ಕೊಳಗದಲ್ಲಿ ಅಳೆದದ್ದು.

ಸಂತೆಯಲ್ಲಿ ಭತ್ತ ಕೊಳ್ಳುವಾಗ ಅಳತೆ ನೋಡದೆ ದುಡ್ಡು ಕೊಡದ ನಾವು, ದೇಶದ ವಿಷಯ ಬಂದಾಗ ಮಾತ್ರ ಅಳತೆಯನ್ನು ಕೇಳುವುದಿಲ್ಲ. ಯಾವ ವರ್ಷದ ಮಾತು? ಎಲ್ಲಿ ಅಳೆದದ್ದು? ಮಳೆಯಾದ ವರ್ಷಕ್ಕೋ, ಆಗದ ವರ್ಷಕ್ಕೋ? ಈ ಮೂರು ಪ್ರಶ್ನೆ ಕೇಳಿದರೆ ಅರ್ಧ ಜಗಳ ಅಲ್ಲೇ ಕರಗುತ್ತದೆ. ಉಳಿದರ್ಧವೇ ನಿಜವಾದ ವಾದ.

ಇನ್ನೊಂದು ಉದಾಹರಣೆ ನೋಡಿ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು 15 ದಿನಗಳ ಕಾಲ 5,000 ಕ್ಯೂಸೆಕ್‌ನಂತೆ ನೀರು ಹರಿಸಲು ಹೇಳಿತು. “ಐದು ಸಾವಿರವಂತೆ!” ಎಂದು ಒಬ್ಬರು ತಲೆ ಮೇಲೆ ಕೈಹೊತ್ತರೆ, “ಐದೇ ಸಾವಿರವಾ?” ಎಂದು ಗಡಿಯಾಚೆಯವರು ಗೊಣಗಿದರು. ಎಂಟನೇ ತರಗತಿಯ ಹುಡುಗಿಗೆ ಪೆನ್ಸಿಲು ಕೊಡಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಐದು ಸಾವಿರದಿಂದ ಗುಣಿಸಿದರೆ ದಿನಕ್ಕೆ 43 ಕೋಟಿ 20 ಲಕ್ಷ ಘನ ಅಡಿ. ಹದಿನೈದು ದಿನಕ್ಕೆ 648 ಕೋಟಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅಂದರೆ ಒಟ್ಟು 6.48 ಟಿಎಂಸಿ. ಕನ್ನಂಬಾಡಿ ತುಂಬಿದಾಗ ಹಿಡಿಯುವುದು 49.45, ಕಬಿನಿ 19.52. ಈಗ ಹೇಳಿ, ಇದು ಹೆಚ್ಚೋ ಕಡಿಮೆಯೋ? ವಾದ ಶುರುವಾಗಬೇಕಾದದ್ದು ಇಲ್ಲಿಂದ.

ಜಗಳ ಯಾಕೆ ಯಾವಾಗಲೂ ಮಳೆಗಾಲದಲ್ಲೇ ಹೊತ್ತಿಕೊಳ್ಳುತ್ತದೆ ಎನ್ನುವುದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ವರ್ಷದ 177.25ರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ 123.14 ಟಿಎಂಸಿ ಹೋಗಬೇಕು. ಆಗಸ್ಟ್ ಒಂದಕ್ಕೇ 45.95. ನಮ್ಮ ನಾಲೆಗಳ ಕೆಳಗೆ ಭತ್ತದ ನಾಟಿಯಾಗುವುದೂ ಆಗಲೇ. ಅತ್ತ ಮೆಟ್ಟೂರು ಬಾಗಿಲು ತೆರೆಯುವ ವಾಡಿಕೆಯ ದಿನ ಜೂನ್ 12. ತಂಜಾವೂರಿನ ರೈತ ಕುರುವೈ ಬೆಳೆಗೆ ಆ ನೀರನ್ನೇ ನಂಬಿರುತ್ತಾನೆ. ಇಲ್ಲಿ ಒಣಗುವುದೂ ಭತ್ತವೇ, ಅಲ್ಲಿ ಒಣಗುವುದೂ ಭತ್ತವೇ. ಇದನ್ನು ಒಪ್ಪಿಕೊಂಡ ಮಾತ್ರಕ್ಕೆ ನಮ್ಮ ಪಾಲು ಬಿಟ್ಟುಕೊಟ್ಟಂತಾಗಲಿಲ್ಲ. ಎದುರಿನವನ ಮಾತನ್ನು ಅವನಷ್ಟೇ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅದಕ್ಕೆ ಉತ್ತರ ಕೊಡಲು ಬರುತ್ತದೆ.

“ಲೆಕ್ಕ ಹೇಳ್ತಾ ಕೂತ್ರೆ ನೀರ್ ಬಂದದಾ? ಬೀದಿಗಿಳೀಬೇಕು” ಎನ್ನುವವರಿದ್ದಾರೆ. ಶಾಂತವಾಗಿ ಬೀದಿಗಿಳಿಯುವುದು ಪ್ರಜೆಯ ಹಕ್ಕು, ಬೇಡವೆನ್ನುವವರಾರು? ಆದರೆ 2018ರಲ್ಲಿ ಕರ್ನಾಟಕಕ್ಕೆ ಹೆಚ್ಚುವರಿ 14.75 ಟಿಎಂಸಿ ದಕ್ಕಿದ್ದು ಹೇಗೆ ಎಂದು ನೋಡಿ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ನ್ಯಾಯಮಂಡಳಿ ಕುಡಿಯುವ ನೀರನ್ನು ಕಡಿತ ಮಾಡಿತ್ತು. ಊರಿನ ಅಷ್ಟೂ ಜನರ ಬಾಯಾರಿಕೆಯನ್ನು ಎಣಿಸಬೇಕು ಎಂಬ ವಾದಕ್ಕೆ 4.75 ಬಂತು. ತಮಿಳುನಾಡಿನ ಮುಖಜಭೂಮಿಯ ಅಂತರ್ಜಲವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ವಾದಕ್ಕೆ 10 ಬಂತು. ಕೂಗಿಗೆ ಬಂದದ್ದಲ್ಲ, ಕಡತಕ್ಕೆ ಬಂದದ್ದು. ಅದೇ 1991ರ ಡಿಸೆಂಬರ್‌ನಲ್ಲಿ ಬೆಂಗಳೂರು, ಮೈಸೂರು ಕಡೆ ಗಲಭೆಯಾಗಿ ಎಷ್ಟೋ ತಮಿಳು ಕೂಲಿಕಾರರು ಗಂಟುಮೂಟೆ ಕಟ್ಟಿದರು; 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಅದರಿಂದ ನಮ್ಮ ನಾಲೆಗೆ ಹೆಚ್ಚಿಗೆ ಬಂದದ್ದು ಒಂದು ಬಿಂದಿಗೆಯೂ ಅಲ್ಲ.

ತಂದೆತಾಯಂದಿರಲ್ಲಿ ಒಂದು ಮಾತು. ಮಕ್ಕಳು ಊಟದ ಹೊತ್ತಿನಲ್ಲಿ ರಾಜಕೀಯ ಎತ್ತಿದರೆ “ನಿಂಗ್ಯಾಕೆ ಆ ಉಸಾಬರಿ, ಓದ್ಕೋ ಹೋಗು” ಎಂದು ಗದರಬೇಡಿ. ಹದಿನೆಂಟು ತುಂಬಿದ ಮರುದಿನವೇ ಓಟು ಹಾಕಬೇಕಾದವರು ಹದಿನೇಳರವರೆಗೂ ಬಾಯಿ ಮುಚ್ಚಿಕೊಂಡಿರಬೇಕೆಂದರೆ ಹೇಗೆ? “ಎಲ್ಲಿ ಓದಿದೆ? ಯಾವ ವರ್ಷದ್ದು?” ಎಂದು ಕೇಳಿ. ಮಕ್ಕಳು ನಿಮ್ಮನ್ನೂ ಅದೇ ಕೇಳಿದರೆ ಮುಖ ಗಂಟಿಕ್ಕಬೇಡಿ. ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಅಂಕಿ ಗೊತ್ತಿದೆಯೆಂದು ದೊಡ್ಡಪ್ಪನನ್ನು ನಾಲ್ಕು ಜನರ ಮುಂದೆ ಸಣ್ಣವನನ್ನಾಗಿ ಮಾಡಬೇಡಿ. ಕಾಗದದಲ್ಲಿಲ್ಲದ ಎಷ್ಟೋ ಬರಗಾಲ ಅವರ ನೆನಪಿನಲ್ಲಿದೆ. ನಾಲೆಯ ಕೊನೆಯ ಗದ್ದೆಗೆ ಯಾವ ವರ್ಷ ನೀರು ಮುಟ್ಟಲಿಲ್ಲ ಎಂಬುದನ್ನು ಅವರೇ ಹೇಳಬೇಕು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದರು ಹಿರಿಯರು. ಮಾತು ಬಲ್ಲವನು ಎಂದರೆ ಮಾತೇ ಆಡದವನು ಎಂದಲ್ಲವಲ್ಲ.

ಮಾಡಬೇಕಾದ ವಾದ ಬೇಕಾದಷ್ಟು ಉಳಿದಿದೆ. ಕಾವೇರಿಯಲ್ಲಿ ವರ್ಷಕ್ಕೆ 740 ಟಿಎಂಸಿ ನೀರಿದೆ ಎಂದು ಹಿಡಿದು ನಾಲ್ಕು ಪಾಲು ಮಾಡಿದ್ದಾರೆ. ಅಷ್ಟು ನೀರು ಸಿಗುವುದೆಂಬ ಭರವಸೆ ಹತ್ತು ವರ್ಷದಲ್ಲಿ ಐದು ವರ್ಷಕ್ಕೆ ಮಾತ್ರ. ಕೊರತೆಯ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ತಗ್ಗಬೇಕು ಎಂದು ತೀರ್ಪು ಹೇಳುತ್ತದೆ. ಆ ಪ್ರಮಾಣವನ್ನು ಯಾವ ದಿನ, ಯಾವ ಮಳೆಯನ್ನು ನೋಡಿ ಗೊತ್ತುಮಾಡಬೇಕು? ಜೂನ್‌ನಲ್ಲೋ, ಆಗಸ್ಟ್‌ನಲ್ಲೋ, ತಮಿಳುನಾಡಿಗೆ ಹಿಂಗಾರು ಬಂದ ಮೇಲೋ? ಬರಗಾಲ ಬಂದಾಗಲೆಲ್ಲ ಎರಡು ರಾಜ್ಯಗಳೂ ಕೋರ್ಟಿನ ಮೆಟ್ಟಿಲು ಹತ್ತುವುದು ಈ ಪ್ರಶ್ನೆಗೇ. ಇದಕ್ಕೆ ಉತ್ತರ ಹುಡುಕಬೇಕಾದವರು ಇಂದು ನಂಜನಗೂಡು, ತಿ. ನರಸೀಪುರದ ಶಾಲೆಗಳಲ್ಲೂ ಇದ್ದಾರೆ, ತಂಜಾವೂರಿನ ಶಾಲೆಗಳಲ್ಲೂ ಇದ್ದಾರೆ. ಇಬ್ಬರೂ ಈಗಿನಿಂದಲೇ ಗುಣಾಕಾರ ಸರಿಯಾಗಿ ಕಲಿತರೆ ಒಳ್ಳೆಯದು.