ವಿಹಾರಕ್ಕೆ ಮುನ್ನ ವಿಚಾರ

ಕಾಯಕವು ಶರಣಧರ್ಮದ ಉಸಿರು. ಆದರೆ ದುಡಿದ ದೇಹಕ್ಕೆ ವಿಶ್ರಾಂತಿಯೂ ದಣಿದ ಮನಸ್ಸಿಗೆ ಉಲ್ಲಾಸವೂ ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಸದ್ಭಕ್ತರ ಮನೆಗಳಲ್ಲಿ ಅಡಕೆಯ ಕೊಯ್ಲು ಮುಗಿದು, ಬೇಯಿಸಿ ಒಣಗಿಸುವ ಕೆಲಸವೂ ತೀರಿ, ಮಕ್ಕಳಿಗೆ ಬೇಸಿಗೆಯ ರಜೆ ಬಂದಿತೆಂದರೆ ಈಗ ಒಂದೇ ಬೇಡಿಕೆ ಕೇಳಿಬರುತ್ತದೆ: ‘ಅಜ್ಜ, ಈ ಸಲ ಬಿಡದಿಯ ವಂಡರ್‌ಲಾಗೆ ಹೋಗೋಣ.’ ಕೆಲವು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಹೋಗಬಾರದೆಂದು ನಾವು ಹೇಳೆವು. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿಯೂ ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿಯೂ ತೊಟ್ಟಿಲು ಏರಿ ನಕ್ಕವರೇ ಅಲ್ಲವೇ ಇಂದಿನ ಅಜ್ಜಂದಿರು? ಹೇಗೆ ಹೋಗಬೇಕೆಂಬುದನ್ನು ಮಾತ್ರ ವಿಚಾರಿಸೋಣ.

ಇಂತಹ ವಿಹಾರಧಾಮಗಳ ಹಿಂದೆ ಒಂದು ಸ್ವಾರಸ್ಯದ ಸಂಗತಿಯಿದೆ. ಅಮೆರಿಕದ ವಾಲ್ಟ್ ಡಿಸ್ನಿಯವರು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ತಿರುಗುವ ಕುದುರೆಗಳ ಮೇಲೆ ಕೂರಿಸಿ, ತಾವು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕಾಲ ಕಳೆಯುತ್ತಿದ್ದರಂತೆ. ತಂದೆತಾಯಿಗಳೂ ಮಕ್ಕಳೂ ಕೂಡಿ ನಲಿಯುವ ತಾಣವೊಂದು ಏಕಿರಬಾರದು ಎಂಬ ಯೋಚನೆ ಅಲ್ಲಿ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಬೆಂಚಿನ ಮೇಲೆ ಯಾರೂ ಒಬ್ಬರೇ ಉಳಿಯಬಾರದೆಂಬುದೇ ಅದರ ಮೂಲ ಆಶಯ.

ನಮ್ಮ ಮನೆಗಳ ವಿಹಾರದಲ್ಲಿ ಆ ಬೆಂಚಿನ ಮೇಲೆ ಯಾರು ಕುಳಿತಿರುತ್ತಾರೆ? ಹೆಚ್ಚಿನ ಕಡೆ ಮನೆಯ ತಾಯಿ. ಹೊರಡುವ ಮುನ್ನಾದಿನ ನಡುರಾತ್ರಿಯವರೆಗೆ ಬುತ್ತಿ ಕಟ್ಟಿದವಳು, ಅಲ್ಲಿ ಎಲ್ಲರ ಚೀಲ, ಚಪ್ಪಲಿ, ಒದ್ದೆ ಬಟ್ಟೆಗಳನ್ನು ಕಾಯುತ್ತ ಕುಳಿತಿರುತ್ತಾಳೆ. ಇನ್ನು ಅಜ್ಜಿಯೋ, ಕೊಟ್ಟಿಗೆಯ ದನಕರುಗಳಿಗಾಗಿ ಊರಿನಲ್ಲಿಯೇ ಉಳಿದಿರುತ್ತಾಳೆ. ನಾಲ್ವರ ನಗೆಗೆ ಇಬ್ಬರ ದಣಿವು ಬೆಲೆಯಾದರೆ ಅದನ್ನು ಕುಟುಂಬ ವಿಹಾರವೆನ್ನಲಾದೀತೇ?

ಆದಕಾರಣ ಸಿದ್ಧತೆಯು ಊರಿನಲ್ಲಿಯೇ ಮೊದಲಾಗಬೇಕು. ಗದ್ದೆ ತೋಟಗಳಿಗೆ ಮುಯ್ಯಾಳಾಗಿ ಹೋಗುವ ಪದ್ಧತಿ ಮಲೆನಾಡಿಗೆ ಹೊಸದಲ್ಲ. ಅದೇ ಮುಯ್ಯಿಯನ್ನು ಇಲ್ಲಿಗೂ ತರಬಹುದು. ಈ ವಾರ ನಿಮ್ಮ ಕೊಟ್ಟಿಗೆಯನ್ನು ನೆರೆಮನೆಯವರು ನೋಡಿಕೊಂಡರೆ, ಮುಂದಿನ ವಾರ ಅವರದನ್ನು ನೀವು ನೋಡಿಕೊಳ್ಳಿರಿ. ಅಜ್ಜಿಗೆ ಪಯಣ ಒಗ್ಗುವುದೋ ಇಲ್ಲವೋ ಎಂಬ ಅನುಮಾನವಿದ್ದರೆ ಮೊದಲು ಸಮೀಪದ ಸಂಚಾರವೊಂದನ್ನು ಮಾಡಿ ನೋಡಿರಿ. ಸಾಗರದವರಿಗೆ ಶಿವಮೊಗ್ಗದ ಹಾದಿಯಲ್ಲಿಯೇ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮವಿದೆ. ತೀರ್ಥಹಳ್ಳಿಯವರಿಗೆ ಸಕ್ರೆಬೈಲಿನ ಆನೆ ಬಿಡಾರವಿದೆ. ಆನೆಗಳ ಸ್ನಾನ ನೋಡಲು ಬೆಳಿಗ್ಗೆಯೇ ಹೋಗಬೇಕು. ಯಾರಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಯಾರ ಮೊಣಕಾಲು ನೋಯುತ್ತದೆ ಎಂಬುದು ಅಂದೇ ತಿಳಿಯುತ್ತದೆ.

ದೂರದ ಪಯಣಕ್ಕೆ ತಾಳಗುಪ್ಪದಿಂದ ಬೆಂಗಳೂರಿನ ಮೂಲಕ ಮೈಸೂರಿಗೆ ಹೋಗುವ ರಾತ್ರಿಯ ರೈಲು ಅನುಕೂಲ. ಸಾಗರದವರು ಜಂಬಗಾರು ನಿಲ್ದಾಣದಲ್ಲಿ ಹತ್ತಬಹುದು. ಹೊಸನಗರದವರು ಸಾಗರಕ್ಕೂ ತೀರ್ಥಹಳ್ಳಿಯವರು ಶಿವಮೊಗ್ಗಕ್ಕೂ ಬಸ್ಸಿನಲ್ಲಿ ಬಂದು ಸೇರಬೇಕು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಏಪ್ರಿಲ್‌ನ ಪಯಣಕ್ಕೆ ಫೆಬ್ರುವರಿಯಲ್ಲಿಯೇ ಎಚ್ಚರವಿರಲಿ. ಟಿಕೆಟು ಮಾಡಿಸುವಾಗ ಹಿರಿಯರ ವಯಸ್ಸನ್ನು ಸರಿಯಾಗಿ ಬರೆಸಿದರೆ ಕೆಳಗಿನ ಮಲಗುವ ಸ್ಥಾನ ದೊರೆಯುವ ಸಂಭವ ಹೆಚ್ಚು. ಶನಿವಾರ ಭಾನುವಾರಗಳ ಜನಜಂಗುಳಿಯನ್ನು ಬಿಟ್ಟು ವಾರದ ನಡುವಿನ ದಿನವನ್ನು ಆರಿಸಿಕೊಂಡರೆ ಸಾಲಿನಲ್ಲಿ ನಿಲ್ಲುವ ಶ್ರಮವೂ ಕಡಿಮೆ, ಪ್ರವೇಶದ ದರವೂ ಕಡಿಮೆ.

ರೈಲು ಬೆಂಗಳೂರನ್ನು ಮುಟ್ಟುವುದು ಬೆಳಗಿನ ಜಾವದಲ್ಲಿ. 2005ರಲ್ಲಿ ಆರಂಭವಾದ ಈ ವಿಹಾರಧಾಮದ ಬಾಗಿಲು ತೆರೆಯುವುದು ಸುಮಾರು 11 ಗಂಟೆಗೆ. ಈ ನಡುವಿನ ಹೊತ್ತು ವ್ಯರ್ಥವಲ್ಲ. ಮೊದಲೇ ಗೊತ್ತುಮಾಡಿದ ಕೊಠಡಿಯಲ್ಲಿ ಸ್ನಾನ, ಲಿಂಗಪೂಜೆ, ಹಿರಿಯರಿಗೆ ಒಂದಿಷ್ಟು ವಿಶ್ರಾಂತಿ ಎಲ್ಲವೂ ನಡೆಯುತ್ತವೆ. ಬಿಡದಿಯ ತಟ್ಟೆ ಇಡ್ಲಿಯ ಪ್ರಸಾದವೂ ಆಗಲಿ. ಹೊರಗಿನ ಅಡುಗೆಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ತಾಯಿಯು ರಾತ್ರಿಯೆಲ್ಲ ಬುತ್ತಿ ಕಟ್ಟಬೇಕಾದ ಅಗತ್ಯವೂ ಇಲ್ಲ.

ಅಲ್ಲಿ ಆಟಗಳಿಗೆ ವಯಸ್ಸಿಗಿಂತ ಎತ್ತರವೇ ಅಳತೆ. ಮನೆಯಲ್ಲಿಯೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆದು, ‘ಇದು ನಿನಗುಂಟು, ಇದು ನಿನಗಿಲ್ಲ’ ಎಂದು ಮೊದಲೇ ತಿಳಿಹೇಳಿದರೆ ಬಾಗಿಲಲ್ಲಿ ಅಳು ಇರದು. ನೀರಾಟಕ್ಕೆ ಹತ್ತಿಯ ಬಟ್ಟೆ, ಸೀರೆಗಳು ಸಲ್ಲವು. ನೈಲಾನ್ ಉಡುಪು ಬೇಕು. ಹೃದಯದ ತೊಂದರೆ, ರಕ್ತದೊತ್ತಡ ಇದ್ದವರೂ ಗರ್ಭಿಣಿಯರೂ ರಭಸದ ಆಟಗಳಿಂದ ದೂರವಿರಬೇಕು.

ಇಷ್ಟಲಿಂಗಧಾರಿಗಳಿಗೆ ಇಲ್ಲೊಂದು ಧರ್ಮಸೂಕ್ಷ್ಮವಿದೆ. ತಲೆಕೆಳಗಾಗಿ ತಿರುಗುವ ತೊಟ್ಟಿಲಲ್ಲಿ, ಧುಮ್ಮಿಕ್ಕುವ ನೀರಿನಲ್ಲಿ ಶಿವದಾರ ಹರಿದೀತು. ಹಾಗೆಂದು ಲಿಂಗವನ್ನು ಬಾಡಿಗೆಯ ಕಪಾಟಿನಲ್ಲಿಟ್ಟು ಆಟಕ್ಕೆ ನಡೆಯುವುದು ನಮಗೆ ಸಮ್ಮತವಲ್ಲ. ಮೆಲ್ಲನೆ ಸಾಗುವ ಆಟಗಳು ಅಲ್ಲಿ ಸಾಕಷ್ಟಿವೆ. ಲಿಂಗಧಾರಿಗಳು ಅವನ್ನು ಆರಿಸಿಕೊಳ್ಳಲಿ. ಇದನ್ನು ಮಕ್ಕಳಿಗೆ ಗದರಿಸಿ ಹೇಳದೆ, ಕಾರಣ ಹೇಳಿ ಒಪ್ಪಿಸಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು ಚೀಲ ಕಾಯುವ ಸರದಿ. ಗಂಟೆಗೊಬ್ಬರಂತೆ ಸರದಿ ಹಾಕಿಕೊಳ್ಳಿರಿ. ಮೊದಲ ಸರದಿ ಯಜಮಾನನದಾಗಲಿ. ಆ ಗಂಟೆಯಲ್ಲಿ ತಾಯಿಯು ಮಕ್ಕಳ ಕೈ ಹಿಡಿದು ಹೋಗಲಿ. ಅಜ್ಜಿಯ ಪಕ್ಕದಲ್ಲಿ ನೆರಳಿನಲ್ಲಿ ಕುಳಿತು ಮಾತಾಡುವುದಕ್ಕೆ ಮೊಮ್ಮಕ್ಕಳಿಗೂ ಒಂದು ಸರದಿ ಇರಲಿ. ಮಧ್ಯಾಹ್ನದ ಬಿಸಿಲಿಗೆ ನೀರಾಟ ಹಿತ. ಸಂಜೆಯ ತಂಪಿಗೆ ಮುನ್ನವೇ ಮಕ್ಕಳ ತಲೆ ಒಣಗಿಸಿರಿ. ಅಂದೇ ರಾತ್ರಿಯ ರೈಲಿಗೆ ಓಡುವುದಕ್ಕಿಂತ ಒಂದು ರಾತ್ರಿ ತಂಗುವುದು ಮೇಲು.

ಮನೆಗೆ ಮರಳಿದ ಮರುದಿನ ಮುಂಜಾನೆ ಒಲೆ ಹೊತ್ತಿಸುವಾಗ ಆ ತಾಯಿಯ ಮುಖದಲ್ಲಿಯೂ ನಗೆ ಉಳಿದಿದ್ದರೆ ನಿಮ್ಮ ವಿಹಾರ ಸಾರ್ಥಕವಾಯಿತೆಂದು ತಿಳಿಯಿರಿ. ಅಂತಹ ಸಂತೋಷವು ಸದ್ಭಕ್ತರೆಲ್ಲರ ಮನೆಮನೆಯಲ್ಲಿ ನೆಲೆಸಲೆಂದು ನಾವು ಹಾರೈಸುತ್ತೇವೆ.